ಕೊಯ್ಲಿಗೆ ಮುಂಚೆ ಜೀಪಿನ ರೇಡಿಯೇಟರ್ ಇಳಿಸಿ ನೋಡಿ

ಕಾಫಿ ಮೂಟೆ ಹೇರಿಕೊಂಡ ಹಳೆಯ ಜೀಪು ಏರಿನಲ್ಲಿ ಕುದಿಯತೊಡಗಿದರೆ ಎಂಜಿನ್ನನ್ನು ದೂರುವವರೇ ನಮ್ಮಲ್ಲಿ ಹೆಚ್ಚು. ಎಷ್ಟೋ ಸಲ ರೇಡಿಯೇಟರಿನ ತೆಳು ರೆಕ್ಕೆಗಳ ನಡುವೆ ಕೆಸರು, ಹುಲ್ಲಿನ ಬೀಜ, ಹುಳುಹುಪ್ಪಟೆ ಗಟ್ಟಿಯಾಗಿ ಕೂತಿರುತ್ತವೆ. ಗಾಳಿ ಹಾಯದಿದ್ದರೆ ನೀರು ತಣಿಯುವುದಾದರೂ ಹೇಗೆ? ಇಳಿಸದೆ ಇದು ಪೂರ್ತಿ ಕಾಣುವುದಿಲ್ಲ.

ಎಂಜಿನ್ ಚೆನ್ನಾಗಿ ಆರುವವರೆಗೆ ಮುಚ್ಚಳ ಮುಟ್ಟಬಾರದು. ಒಳಗಿನ ನೀರು ಒತ್ತಡದಿಂದಾಗಿ 100 ಡಿಗ್ರಿ ಸೆಲ್ಸಿಯಸ್ ದಾಟಿಯೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ತಿರುಗಿಸಿದೊಡನೆ ಆವಿಯಾಗಿ ಚಿಮ್ಮಿ ಮುಖ, ಕೈ ಬೇಯಿಸುತ್ತದೆ. ಒದ್ದೆ ಗೋಣಿ ಹಿಡಿದು ತೆರೆಯುವ ಧೈರ್ಯವೂ ಬೇಡ.

ಆರಿದ ಮೇಲೆ ಬ್ಯಾಟರಿಯ ವಯರು ಕಳಚಿ, ಕೆಳಗಿನ ನಲ್ಲಿ ತೆರೆದು ನೀರನ್ನು ಬಕೆಟ್ಟಿಗೆ ಇಳಿಸಿಕೊಳ್ಳಿ. ಕೂಲೆಂಟ್ ಬೆರೆಸಿದ ನೀರನ್ನು ಅಂಗಳಕ್ಕೆ ಚೆಲ್ಲಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ನಾಯಿಯೋ ಕರುವೋ ನೆಕ್ಕಿದರೆ ಪ್ರಾಣಕ್ಕೇ ಸಂಚಕಾರ. ಹೋಸುಗಳ ಕ್ಲಿಪ್ಪು ಸಡಿಲಿಸಿ, ತಿರುಚಿ ಎಳೆಯಿರಿ. ಸ್ಕ್ರೂಡ್ರೈವರಿನಿಂದ ಮೀಟಿದರೆ ಕೊಳವೆಯ ಬಾಯಿ ಸೊಟ್ಟಗಾದೀತು. ಅಂಟಿಕೊಂಡ ಹಳೆಯ ಹೋಸನ್ನು ಕೊಯ್ದು ಹೊಸದು ಹಾಕುವುದೇ ಮೇಲು. ಫ್ಯಾನಿಗೂ ರೇಡಿಯೇಟರಿಗೂ ನಡುವೆ ಒಂದು ರಟ್ಟು ತೂರಿಸಿ, ಬೋಲ್ಟು ಬಿಚ್ಚಿ ನೇರವಾಗಿ ಮೇಲೆತ್ತಿ.

ರೆಕ್ಕೆಗಳನ್ನು ಎಂಜಿನ್ ಬದಿಯಿಂದ ಮುಂದಕ್ಕೆ ತೊಳೆಯಬೇಕು. ಕಸ ಬಂದ ದಾರಿಯಲ್ಲೇ ಹೊರಹೋಗಲಿ. ಬೋರ್ಡೋ ಸಿಂಪಡಿಸುವ ಪಂಪಿನ ಜೋರು ನೀರನ್ನು ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಒಳಭಾಗವನ್ನು ಕೆಳಗಿನ ಬಾಯಿಂದ ಮೇಲಕ್ಕೆ, ತಿಳಿನೀರು ಬರುವವರೆಗೆ ತೊಳೆಯಿರಿ. ಹಸಿರು ಇಲ್ಲವೇ ಬಿಳಿ ಕಲೆ ಕಂಡಲ್ಲಿ ಸೋರಿಕೆಯ ಸಂಶಯ ಪಡಬೇಕು. ಆಗ ಬಾಯಿಗಳನ್ನೆಲ್ಲ ಮುಚ್ಚಿ, ತೊಟ್ಟಿಯಲ್ಲಿ ಮುಳುಗಿಸಿ, ಸೈಕಲ್ ಪಂಪಿನಿಂದ ತುಸುವೇ ಗಾಳಿ ಕೊಟ್ಟರೆ ಗುಳ್ಳೆ ಏಳುವಲ್ಲಿ ತೂತು ಸಿಗುತ್ತದೆ. ತಾಮ್ರ-ಹಿತ್ತಾಳೆಯ ಹಳೆಯ ರೇಡಿಯೇಟರಿಗೆ ಬೆಸುಗೆ ನಿಲ್ಲುತ್ತದೆ. ಅಲ್ಯೂಮಿನಿಯಮಿಗೆ ಪ್ಲಾಸ್ಟಿಕ್ ಟ್ಯಾಂಕು ಜೋಡಿಸಿದ ಈಚಿನವುಗಳಿಗೆ ಆ ಬೆಸುಗೆ ಹಿಡಿಯದು. ಬದಲಿಸುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಕೂರಿಸುವಾಗ ರಬ್ಬರ್ ವಾಷರುಗಳನ್ನು ಮರೆಯಬೇಡಿ. ಬೋರ್‌ವೆಲ್ಲಿನ ಗಡಸು ನೀರು ತುಂಬಿದರೆ ಒಳಗೆ ಸುಣ್ಣ ಕಟ್ಟುತ್ತದೆ. ಡಿಸ್ಟಿಲ್ಡ್ ನೀರಿಗೆ ಕೂಲೆಂಟ್ ಬೆರೆಸಿ, ನಿಧಾನವಾಗಿ ಹೊಯ್ಯಿರಿ. ಮುಚ್ಚಳ ಹಾಕದೆಯೇ ಎಂಜಿನ್ ಚಾಲೂ ಮಾಡಿ, ಮುಖ ದೂರವಿಟ್ಟು, ಮೇಲಿನ ಹೋಸು ಬಿಸಿಯಾಗುವವರೆಗೆ ಕಾಯಿರಿ. ಒಳಗೆ ಸಿಕ್ಕಿದ ಗಾಳಿ ಹೊರಬಂದು ಮಟ್ಟ ಇಳಿಯುತ್ತದೆ. ಅಷ್ಟನ್ನು ತುಂಬಿ ಮುಚ್ಚಳ ಬಿಗಿಯಿರಿ. ಗುಳ್ಳೆ ನಿಲ್ಲದೆ ಬರುತ್ತಿದ್ದರೆ, ಅಥವಾ ನೀರಿನಲ್ಲಿ ಎಣ್ಣೆ ತೇಲಿದರೆ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಅಂಥ ಜೀಪಿಗೆ ಮೂಟೆ ಹೇರದೆ, ಮೆಕ್ಯಾನಿಕ್ಕನ್ನು ತೋಟಕ್ಕೇ ಕರೆಸಿ.