ನಿಮಗಿದು ಗೊತ್ತೆ? ಆಟಿಕೆ ಕಾರಿನ ಹಿಮ್ಮುಖ ಚಲನೆಗೆ ನಾಲ್ಕು ಸ್ವಿಚ್ಚು ಸಾಕು

ಕಂಪ್ಯೂಟರಿನ ಆದೇಶದಂತೆ ಓಡುವ ಆಟಿಕೆ ಕಾರನ್ನು ಕಟ್ಟುವ ಹವ್ಯಾಸಿಗಳು ಬಳಸುವ ಆರ್ಡುಯಿನೊ ಯೂನೊದಂಥ ಮೈಕ್ರೊಕಂಟ್ರೋಲರ್ ಬೋರ್ಡು, ಅಂದರೆ ಪ್ರೋಗ್ರಾಮಿನ ಸೂಚನೆಯನ್ನು ವಿದ್ಯುತ್ ಸಂಕೇತವಾಗಿ ಹೊರಡಿಸುವ ಸಾಧನವು, ಒಂದು ಪಿನ್ನಿನಿಂದ ಸುಮಾರು 20 ಮಿಲಿಆಂಪಿಯರ್‌ನಷ್ಟು ವಿದ್ಯುತ್ತನ್ನು ಮಾತ್ರ ಸುರಕ್ಷಿತವಾಗಿ ಒದಗಿಸಬಲ್ಲದು. ಪುಟ್ಟ ಮೋಟಾರಿಗೂ ಇದರ ಹಲವು ಪಟ್ಟು ಬೇಕಾಗುವುದರಿಂದ, ಬೋರ್ಡು ಮತ್ತು ಮೋಟಾರಿನ ನಡುವೆ ‘ಎಚ್-ಬ್ರಿಡ್ಜ್’ ಎಂಬ ವಿದ್ಯುನ್ಮಂಡಲವನ್ನು ಇರಿಸಿ, ಬ್ಯಾಟರಿಯ ವಿದ್ಯುತ್ತನ್ನು ಅದರ ಮೂಲಕವೇ ಹರಿಸಲಾಗುತ್ತದೆ. ಇದರ ನಾಲ್ಕು ಎಲೆಕ್ಟ್ರಾನಿಕ್ ಸ್ವಿಚ್ಚುಗಳಲ್ಲಿ ಕರ್ಣಾಕಾರವಾಗಿ ಎದುರುಬದುರಾಗಿರುವ ಒಂದು ಜೋಡಿ ಆನ್ ಆದಾಗ ಕಾರು ಮುಂದಕ್ಕೆ ಸಾಗಿದರೆ, ಇನ್ನೊಂದು ಜೋಡಿ ಆನ್ ಆದಾಗ ಮೋಟಾರಿನಲ್ಲಿ ವಿದ್ಯುತ್ತಿನ ದಿಕ್ಕು ತಿರುವುಮುರುವಾಗಿ ಕಾರು ಹಿಂದಕ್ಕೆ ಸರಿಯುತ್ತದೆ. ಒಂದೇ ಬದಿಯ ಎರಡೂ ಒಟ್ಟಿಗೆ ಆನ್ ಆದರೆ ಶಾರ್ಟ್ ಸರ್ಕ್ಯೂಟ್ ಖಚಿತ.

ಹಿಂದಕ್ಕೆ ಸರಿಯುವ ಸಾಮರ್ಥ್ಯ ಬರಿಯ ಆಟದ ಮಾತಲ್ಲ. ಚಂದ್ರಯಾನ-3ರ ಆರು ಚಕ್ರಗಳ, 26 ಕಿಲೊ ತೂಕದ ರೋವರ್ ‘ಪ್ರಜ್ಞಾನ್’ 2023ರ ಆಗಸ್ಟ್ 27ರಂದು 4 ಮೀಟರ್ ವ್ಯಾಸದ ಕುಳಿಯೊಂದನ್ನು ಕೇವಲ 3 ಮೀಟರ್ ಮುಂದೆ ಎದುರಿಸಿದಾಗ, ಬಂದ ದಾರಿಯಲ್ಲಿಯೇ ಮರಳುವಂತೆ ಇಸ್ರೊ ಅದಕ್ಕೆ ಆದೇಶ ನೀಡಿತು. ಈ ಯಾನದ ನಿಯಂತ್ರಣ ಕೊಠಡಿ ಇದ್ದದ್ದು ಬೆಂಗಳೂರಿನ ಇಸ್ಟ್ರ್ಯಾಕ್ ಕೇಂದ್ರದಲ್ಲಿ. ಭೂಮಿಯಿಂದ ಹೊರಟ ರೇಡಿಯೊ ಸಂಕೇತ ಚಂದ್ರನನ್ನು ತಲುಪಲು ಸುಮಾರು 1.3 ಸೆಕೆಂಡು ಹಿಡಿಯುತ್ತದೆ.