ಆಮಂತ್ರಣದ ಮೂಲ ಕಡತ ಸಂಘದ ಕೈಯಲ್ಲಿರಲಿ

ನವೆಂಬರ್ ಹತ್ತಿರ ಬಂತೆಂದರೆ ಪುಣೆಯ ಕನ್ನಡ ಸಂಘ ಸಂಸ್ಥೆಗಳ ಪದಾಧಿಕಾರಿಗಳಿಗೆ ಬಿಡುವಿಲ್ಲದ ಓಡಾಟ. ಸಭಾಗೃಹ ಗೊತ್ತುಮಾಡಬೇಕು, ಅತಿಥಿಗಳನ್ನು ಒಪ್ಪಿಸಬೇಕು, ರಾಜ್ಯೋತ್ಸವದ ಆಮಂತ್ರಣ ಪತ್ರಿಕೆ ಮುದ್ರಿಸಬೇಕು. ಮೊದಲಿನ ಎರಡು ಕೆಲಸ ಹೇಗೋ ಆಗುತ್ತವೆ, ಕಗ್ಗಂಟಾಗುವುದು ಮೂರನೆಯದು. ಸದಾಶಿವ ಪೇಟೆ, ನಾರಾಯಣ ಪೇಟೆಗಳ ಡಿಟಿಪಿ ಅಂಗಡಿಗಳಲ್ಲಿ ನುರಿತ ಕೆಲಸಗಾರರಿದ್ದಾರೆ. ಆದರೆ ಕನ್ನಡ ಓದಬಲ್ಲವರು ಅಪರೂಪ. ಅವರ ಕಣ್ಣಿಗೆ ನಮ್ಮ ಅಕ್ಷರ ಬರೀ ಚಿತ್ರ. ತಪ್ಪಾಗಿದ್ದರೂ ಅವರಿಗೆ ಗೊತ್ತಾಗುವುದಿಲ್ಲ.

ಇಂದಿನ ಆಮಂತ್ರಣ ಪತ್ರಿಕೆ ಪದರ ಪದರವಾಗಿ ಸಿದ್ಧವಾಗುತ್ತದೆ. ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ: ತಳದಲ್ಲಿ ಹಿನ್ನೆಲೆ ಬಣ್ಣ, ಅದರ ಮೇಲೆ ಭುವನೇಶ್ವರಿಯ ಚಿತ್ರ, ಅದರ ಮೇಲೆ ಸಂಘದ ಲಾಂಛನ, ಎಲ್ಲಕ್ಕೂ ಮೇಲೆ ಅಕ್ಷರ. ನಾಲ್ ಸಹೋದರರ ಫೋಟೋಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂದರೂ ಪದರಗಳು ಸೇರಿದ್ದು 1994ರ ಮೂರನೆಯ ಆವೃತ್ತಿಯಲ್ಲಿ. ಬರೆದ ಅಕ್ಷರವನ್ನು ಮತ್ತೆ ತಿದ್ದುವ ಅನುಕೂಲ 1998ರ ಐದನೆಯ ಆವೃತ್ತಿಯಲ್ಲಿ ಬಂತು.

ಈ ಪದರಗಳು ಉಳಿಯುವುದು ಪಿಎಸ್‌ಡಿ ಕಡತದಲ್ಲಿ. ಅಂಗಡಿಯವರು ನಮಗೆ ಕೊಡುವುದು ಸಾಮಾನ್ಯವಾಗಿ ಜೆಪೆಗ್. ಅದರಲ್ಲಿ ಎಲ್ಲ ಪದರಗಳೂ ಒಂದಾಗಿ ಅಂಟಿರುತ್ತವೆ. ಮುಂದಿನ ವರ್ಷ ದಿನಾಂಕ, ಅತಿಥಿಗಳ ಹೆಸರು ಮಾತ್ರ ಬದಲಿಸಬೇಕೆಂದರೂ ಮೊದಲಿನಿಂದ ಬೆರಳಚ್ಚು ಮಾಡಬೇಕು. ಪ್ರತಿ ಹೊಸ ಬೆರಳಚ್ಚಿಗೂ ಹೊಸ ತಪ್ಪುಗಳು. ಲೆಡ್ಜರ್ ಬಿಸಾಡಿ ಕೊನೆಯ ಶಿಲ್ಕು ಮಾತ್ರ ಬರೆದಿಟ್ಟುಕೊಂಡ ಹಾಗೆ!

ಕನ್ನಡಕ್ಕೆ ಇನ್ನೂ ಒಂದು ತೊಡಕಿದೆ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತಿದ್ದಹೋದರೆ ಅಕ್ಷರದ ಬದಲು ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಯೂನಿಕೋಡ್ ಬಳಸಿದರೂ ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ‘ಕನ್ನಡ’ ಎಂಬ ಪದದಲ್ಲೇ ಒತ್ತು ಇರುವುದರಿಂದ ಮೊದಲು ಕೆಡುವುದು ಸಂಘದ ಹೆಸರೇ. ಈಚಿನ ಆವೃತ್ತಿಗಳಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಆರಿಸಿಕೊಂಡರೆ ಇದು ಸರಿಹೋಗುತ್ತದೆ. ನೋಟೋ ಸ್ಯಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಉಚಿತವಾಗಿ ಸಿಗುತ್ತದೆ. ದುಡ್ಡು ಕೊಟ್ಟು ತಂತ್ರಾಂಶ ಕೊಳ್ಳಲಾಗದ ಸಣ್ಣ ಸಂಘಗಳಿಗೆ ಜಿಂಪ್ ಇದೆ. ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ರೂಪಿಸಿ 1996ರಲ್ಲಿ ಬಿಡುಗಡೆ ಮಾಡಿದ ಈ ಉಚಿತ ತಂತ್ರಾಂಶವೂ ಪದರಗಳನ್ನು ತನ್ನದೇ ಎಕ್ಸ್‌ಸಿಎಫ್ ಕಡತದಲ್ಲಿ ಕಾಪಾಡುತ್ತದೆ.

ಸಂಘದ ಹಿರಿಯರ ಹಳೆಯ ಭಾವಚಿತ್ರಗಳಿಗಂತೂ ಪದರವೇ ರಕ್ಷೆ. ಸ್ಕ್ಯಾನ್ ಮಾಡಿದ ಚಿತ್ರವನ್ನು ತಳದಲ್ಲಿ ಹಾಗೇ ಬಿಟ್ಟು, ಗೀರು, ಕಲೆಗಳನ್ನು ಮೇಲಿನ ಹೊಸ ಪದರದಲ್ಲಿ ಸರಿಪಡಿಸಬೇಕು. ಪದರದ ಪಕ್ಕದ ಕಣ್ಣಿನ ಗುರುತನ್ನು ಒತ್ತಿದರೆ ತಿದ್ದುಪಡಿ ಮರೆಯಾಗಿ ಮೂಲ ಕಾಣುತ್ತದೆ. ಮುಖದ ಚಹರೆ ಬದಲಾಗಿದೆಯೇ ಎಂದು ಅವರನ್ನು ಕಂಡವರು ಆಗಲೇ ಹೇಳಬಲ್ಲರು. ಹಾಗೆ ಹೇಳಬಲ್ಲವರ ಸಂಖ್ಯೆ ವರ್ಷ ವರ್ಷ ಕಡಿಮೆಯಾಗುತ್ತಿದೆ.

ಆದ್ದರಿಂದ ಪದಾಧಿಕಾರಿಗಳಲ್ಲಿ ವಿನಂತಿ ಇಷ್ಟೇ. ಕೆಲಸ ಒಪ್ಪಿಸುವಾಗಲೇ ಪದರಗಳಿರುವ ಮೂಲ ಕಡತ, ಬಳಸಿದ ಫಾಂಟಿನ ಹೆಸರು, ಮುದ್ರಣದ ಪಿಡಿಎಫ್ ಈ ಮೂರೂ ಬೇಕೆಂದು ಮಾತಾಡಿಕೊಳ್ಳಿ. ಎ5 ಅಳತೆಯ ಪತ್ರಿಕೆಗೆ ಇಂಚಿಗೆ 300 ಚುಕ್ಕೆಯಂತೆ ಸುಮಾರು 1748 ಅಗಲ, 2480 ಎತ್ತರದ ಪಿಕ್ಸೆಲ್ ಇರಲಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಕಡತಕ್ಕೆ ವರ್ಷದ ಹೆಸರಿಟ್ಟು ಎರಡು ಕಡೆ ಕಾಪಿಡಿ. ಅಚ್ಚಿಗೆ ಮುನ್ನ ಕನ್ನಡ ಬಲ್ಲ ಇಬ್ಬರು ಕರಡು ನೋಡಲಿ. ದಾನಿಗಳ ಹೆಸರನ್ನೂ ಅಗಲಿದ ಸದಸ್ಯರ ಹೆಸರನ್ನೂ ಎರಡು ಸಲ ನೋಡಲಿ.

ಸಮಿತಿ ಬದಲಾದಾಗ ಲೆಕ್ಕಪತ್ರ, ನಡಾವಳಿ ಪುಸ್ತಕಗಳನ್ನು ಹೊಸಬರಿಗೆ ಒಪ್ಪಿಸುವುದು ರೂಢಿ. ಇನ್ನು ಮುಂದೆ ಈ ಕಡತಗಳೂ ಆ ಪಟ್ಟಿಗೆ ಸೇರಲಿ.