ರಾತ್ರಿ ಪಾಳಿಯ ತಾತ

ಆಗಸ್ಟ್ ಬಂತೆಂದರೆ ಅರಕಲಗೂಡು ಸೀಮೆಯಲ್ಲಿ ಗಾಳಿಯ ವಾಸನೆಯೇ ಬದಲಾಗುತ್ತದೆ. ಹೊಲದಿಂದ ಮುರಿದು ತಂದ ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ, ಸೊಪ್ಪು ಹದಮಾಡುವ ಬ್ಯಾರನ್ ಒಳಗೆ ಅಂತಸ್ತು ಅಂತಸ್ತಾಗಿ ನೇತುಹಾಕಿ, ಹೊರಗಿನ ಒಲೆಗೆ ಸೌದೆ ತುಂಬುತ್ತಾರೆ. ಬಿಸಿ ತಗಡಿನ ಕೊಳವೆಯಲ್ಲಿ ಸುತ್ತಿ ಒಳಗನ್ನು ಕಾಯಿಸಬೇಕು, ಹೊಗೆ ಮಾತ್ರ ಎಲೆಗೆ ತಾಗಕೂಡದು. ಮೊದಮೊದಲು 35-40 ಡಿಗ್ರಿ. ಎಲೆ ಹಳದಿಗೆ ತಿರುಗಿದ ಮೇಲೆ ಮೆಲ್ಲಮೆಲ್ಲಗೆ ಏರಿಸುತ್ತ 70 ಡಿಗ್ರಿ ಮುಟ್ಟಿಸಬೇಕು. ಐದಾರು ದಿನ, ಹಗಲೂ ರಾತ್ರಿ. ಕಾಯುವವನು ಒಂದು ರಾತ್ರಿ ತೂಕಡಿಸಿದರೆ ಸೊಪ್ಪಿನ ಬಣ್ಣ ಕೆಡುತ್ತದೆ. ಬಣ್ಣ ಕೆಟ್ಟ ಸೊಪ್ಪಿಗೆ ರಾಮನಾಥಪುರದ ಹರಾಜಿನಲ್ಲಿ ಬೆಲೆ ಸಿಗುವುದಿಲ್ಲ.

ನಮ್ಮ ಅರಕಲಗೂಡು ಅತ್ತೆಯ ಬ್ಯಾರನ್ ಮುಂದೆ ಆ ರಾತ್ರಿಗಳಲ್ಲಿ ಕೂರುತ್ತಿದ್ದವರು ತಾತ. ತಲೆಗೊಂದು ಟವೆಲ್ಲು, ಪಕ್ಕದಲ್ಲಿ ಉಪ್ಪು ಹಾಕಿದ ಮಜ್ಜಿಗೆಯ ಚೊಂಬು. “ರಾತ್ರಿ ಪಾಳಿ ನಂದು. ನೀವೆಲ್ಲ ಹೋಗಿ ಮಲಿಕ್ಕಳಿ” ಎಂದು ಅಳಿಯನನ್ನು ಒಳಗೆ ಕಳಿಸಿಬಿಡುತ್ತಿದ್ದರು. ಅತ್ತೆಯ ಮಗನಿಗೆ ಮಾತ್ರ ಜೊತೆಗೆ ಕೂರುವ ಅನುಮತಿ. ಅವನ ಕೈಗೆ ಹಳೇ ನೋಟ್‌ಬುಕ್ಕು ಕೊಟ್ಟು, ಗಂಟೆಗೊಂದು ಸಲ ಥರ್ಮಾಮೀಟರ್ ನೋಡಿ ಬರೆಸುತ್ತಿದ್ದರು. ತಾವು ಮೊದಲು ಗೋಡೆಗೆ ಅಂಗೈ ಇಟ್ಟು ಒಂದು ಅಂದಾಜು ಹೇಳುವರು, ಆಮೇಲೆ ಹುಡುಗ ಓದುವನು. ಬಹಳ ಸಲ ಎರಡೂ ಹತ್ತಿರ ಬರುತ್ತಿದ್ದವು. ಬಾರದಿದ್ದಾಗ ತಾತ ಥರ್ಮಾಮೀಟರನ್ನೇ ನಂಬಿ ಸೌದೆ ಹಿಂದಕ್ಕೆ ಎಳೆಯುತ್ತಿದ್ದರು. ಬೆಂಕಿಯ ಮುಂದೆ ಜಂಭ ಪಡಬಾರದೆಂದು ಕಲಿತು ಬಂದವರು ಅವರು.

ಕಲಿತದ್ದು ಭದ್ರಾವತಿಯಲ್ಲಿ. ಬೆಂಕಿಪುರ ಎಂಬುದು ಆ ಊರಿನ ಹಳೇ ಹೆಸರು. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ ಅಲ್ಲಿ 1923ರ ಜನವರಿಯಲ್ಲಿ ಕೆಲಸ ಶುರುಮಾಡಿತು. ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇ ತೊಟ್ಟಿಲುಗಳಲ್ಲಿ ಬೆಟ್ಟವಿಳಿದು ಬರುತ್ತಿತ್ತು. ಕರಗಿಸಲು ಮಲೆನಾಡಿನ ಮರದ ಇದ್ದಿಲು. ಜೋಗದ ವಿದ್ಯುತ್ತು ಬಂದ ಮೇಲೆ, 1950ರ ದಶಕದಲ್ಲಿ, ವಿದ್ಯುತ್ ಕುಲುಮೆಗಳು ಹೊತ್ತಿಕೊಂಡವು. ಕಾರ್ಖಾನೆ ಸರ್ಕಾರಿ ಕಂಪನಿಯಾದದ್ದು 1962ರಲ್ಲಿ. ಅದರ ಆಸುಪಾಸಿನಲ್ಲೇ, ಮೀಸೆ ಇನ್ನೂ ಸರಿಯಾಗಿ ಮೂಡದ ತಾತ ತಮ್ಮೂರು ಹೊಳೆನರಸೀಪುರದಲ್ಲಿ ರೈಲು ಹತ್ತಿ, ಹಾಸನ, ಅರಸೀಕೆರೆ, ಬೀರೂರು, ತರೀಕೆರೆ ದಾಟಿ ಹೋಗಿ ಕೆಲಸಕ್ಕೆ ಸೇರಿದರು. ಮನೆಯಲ್ಲಿದ್ದ ತುಂಡು ಹೊಲ ಅಣ್ಣತಮ್ಮಂದಿರಿಗೆಲ್ಲ ಸಾಲುತ್ತಿರಲಿಲ್ಲ.

ಕುಲುಮೆಯ ಬಾಯಿ ತೆರೆಯುವ ಹೊತ್ತನ್ನು ಅವರು ಹೇಳುತ್ತಿದ್ದರೆ ನಾವು ಮೊಮ್ಮಕ್ಕಳು ಊಟದ ತಟ್ಟೆ ಮರೆಯುತ್ತಿದ್ದೆವು. ಬಾಯಿಗೆ ಮೆತ್ತಿದ ಜೇಡಿಮಣ್ಣನ್ನು ಒಡೆದ ಕೂಡಲೇ ಬೆಳಕು ಮುಖಕ್ಕೆ ರಾಚುತ್ತದೆ. ಕರಗಿದ ಕಬ್ಬಿಣ ಮರಳಿನ ಕಾಲುವೆಯಲ್ಲಿ ಹರಿದು ಲ್ಯಾಡಲ್‌ಗೆ ಬೀಳುತ್ತದೆ. ಕಿಟ್ಟ ಹಗುರ, ಮೇಲೆ ತೇಲುತ್ತದೆ. ಕಬ್ಬಿಣ ಭಾರ, ತಳ ಹಿಡಿಯುತ್ತದೆ. ಎರಡನ್ನೂ ಬೇರೆ ಮಾಡುವವನ ಕಣ್ಣು ಬಣ್ಣದ ಮೇಲೆ, ಹರಿಯುವ ಬಗೆಯ ಮೇಲೆ, ಹಾರುವ ಕಿಡಿಯ ಮೇಲೆ ಇರಬೇಕು. ಬರಿಗಣ್ಣಿಗೆ ಆಗದು, ನೀಲಿ ಗಾಜು ಬೇಕು. ಅಂಥದೊಂದು ಗಾಜು ಅವರ ಟ್ರಂಕಿನಲ್ಲಿತ್ತು. ರಜೆಯಲ್ಲಿ ಹೊಳೆನರಸೀಪುರಕ್ಕೆ ಹೋದಾಗ ನಾವು ಸರದಿಯಂತೆ ಅದನ್ನು ಕಣ್ಣಿಗಿಟ್ಟು ಹೇಮಾವತಿಯನ್ನು ನೋಡುತ್ತಿದ್ದೆವು. ಸೋಪಾನದ ಕಲ್ಲು, ಬಟ್ಟೆ ಒಗೆಯುವವರು, ಆಚೆ ದಡದ ತೆಂಗು ಎಲ್ಲ ನೀಲಿ. ತಾತ ನೀರಿಗಿಂತ ಹೆಚ್ಚಾಗಿ ನಮ್ಮ ಕಾಲುಗಳನ್ನೇ ನೋಡುತ್ತಿದ್ದರು, ಯಾವುದು ಎಲ್ಲಿ ಜಾರೀತೋ ಎಂದು.

ಅಜ್ಜಿ ಒಮ್ಮೆ ಹೇಳಿದ ಮಾತಿದೆ: “ಇವ್ರು ಮೂರು ಮಕ್ಕಳ್ನೂ ಮಲಗಿದ್ದಾಗಲೇ ನೋಡಿದ್ದು ಕಣವ್ವ. ಮಕ್ಕಳು ಎದ್ದಾಗ ಇವ್ರು ಮಲಗಿರೋರು, ಇಲ್ಲಾ ಕಾರ್ಖಾನೇಲಿರೋರು.” ಹೊಟ್ಟೆಪಾಡಿಗಾಗಿ ಕುಲುಮೆಗೆ ಕೊಟ್ಟ ರಾತ್ರಿಗಳನ್ನೆಲ್ಲ ತಾತ ನಿವೃತ್ತಿಯ ನಂತರ ಮೊಮ್ಮಕ್ಕಳಿಗೆ ಎಣಿಸಿ ಎಣಿಸಿ ಕೊಟ್ಟರು ಎಂದು ನಾನು ನಂಬಿದ್ದೇನೆ.

ಕಾರ್ಖಾನೆ ಕೇಂದ್ರದ ಉಕ್ಕು ಕಂಪನಿ ಸೈಲ್‌ನಲ್ಲಿ ವಿಲೀನವಾದದ್ದು 1998ರಲ್ಲಿ. ಅದೇ ಹೊತ್ತಿಗೆ ಅವರು ಕ್ವಾಟ್ರಸ್ ಖಾಲಿಮಾಡಿ ಹೊಳೆನರಸೀಪುರಕ್ಕೆ ಮರಳಿದರು. ಮಗ, ಅಂದರೆ ನಮ್ಮಪ್ಪ, ಹಾಸನದಲ್ಲಿ. ಒಬ್ಬ ಮಗಳು ಅರಕಲಗೂಡಿನ ಬಳಿ, ಇನ್ನೊಬ್ಬಳು ಚನ್ನರಾಯಪಟ್ಟಣದಲ್ಲಿ. ಎಲ್ಲವೂ ಒಂದು ಗಂಟೆ, ಒಂದೂವರೆ ಗಂಟೆಯ ಬಸ್ಸಿನ ದಾರಿ. ಪ್ಲಾಸ್ಟಿಕ್ ವೈರಿನ ಬ್ಯಾಗಿನಲ್ಲಿ ಒಂದು ಜೊತೆ ಪಂಚೆ, ರೇಡಿಯೊ, ಕಡಲೆಕಾಯಿ ಪೊಟ್ಟಣ ತುಂಬಿಕೊಂಡು ಅವರು ಈ ನಾಲ್ಕು ಊರುಗಳ ನಡುವೆ ಪಾಳಿಯ ಮೇಲೆ ಓಡಾಡಿದರು. ಯಾರ ಮನೆಯಲ್ಲಿ ಯಾವ ಮಗುವಿಗೆ ಪರೀಕ್ಷೆ, ಯಾರಿಗೆ ಹಲ್ಲು ಬಿದ್ದಿದೆ, ಎಲ್ಲವೂ ಕ್ಯಾಲೆಂಡರಿನ ಚೌಕಗಳಲ್ಲಿ ಪೆನ್ಸಿಲಿನಿಂದ ಗುರುತಾಗಿರುತ್ತಿತ್ತು.

ನನಗೆ ಟೈಫಾಯ್ಡ್ ಬಂದಾಗ ಅಪ್ಪ ಫೋನು ಮಾಡಿದ ಸಂಜೆಯೇ ಹಾಸನಕ್ಕೆ ಬಂದರು. ಅಮ್ಮ ಎಷ್ಟು ಬೇಡಿಕೊಂಡರೂ ಜಾಗ ಬಿಡಲಿಲ್ಲ. ನನ್ನ ಮಂಚದ ಪಕ್ಕ ಕಬ್ಬಿಣದ ಕುರ್ಚಿ, ಗೋಡೆಗೆ ಒರಗದ ಬೆನ್ನು. ಹಣೆ ಮುಟ್ಟಿ ನೋಡುವರು, ಥರ್ಮಾಮೀಟರ್ ಇಡುವರು, ಚೀಟಿಯಲ್ಲಿ ಬರೆದಿಡುವರು, ಒದ್ದೆ ಬಟ್ಟೆ ಬದಲಿಸುವರು. ನಡುರಾತ್ರಿ ಕಣ್ಣುಬಿಟ್ಟರೆ ಕಣ್ಣುಬಿಟ್ಟೇ ಇರುವ ತಾತ. ಬೆಳಿಗ್ಗೆ ಆ ಚೀಟಿ ನೋಡಿದ ಡಾಕ್ಟರು, ಇಷ್ಟು ಅಚ್ಚುಕಟ್ಟಾಗಿ ಬರೆದವರು ಯಾರು ಎಂದು ಕೇಳಿದರಂತೆ.

ಹೇಮಾವತಿ ಅಣೆಕಟ್ಟು 2,922 ಅಡಿ ತುಂಬಿದ ಸುದ್ದಿ ಬಂದರೆ ನಮ್ಮನ್ನೆಲ್ಲ ಗೊರೂರಿಗೆ ಹೊರಡಿಸುತ್ತಿದ್ದರು. ಜನ ನೀರು ನೋಡುತ್ತಿದ್ದರೆ ತಾತನ ಗಮನ ಗೇಟಿನ ಉಕ್ಕಿನ ಮೇಲೆ. ಚನ್ನರಾಯಪಟ್ಟಣದ ಅತ್ತೆ ಮಕ್ಕಳ ಜೊತೆ ಶ್ರವಣಬೆಳಗೊಳದ ಬೆಟ್ಟ ಹತ್ತಿಸಿದಾಗಲೂ ಹಾಗೆಯೇ. 58 ಅಡಿಯ ಏಕಶಿಲೆಯ ಮೂರ್ತಿಯ ಎದುರು ಕೈಮುಗಿದು ಬಹಳ ಹೊತ್ತು ನಿಂತು, “ಈ ಗಟ್ಟಿ ಕಲ್ಲಿಗೆ ಮೊನೆ ಮುರೀದಿರೋ ಉಳಿ ಎಷ್ಟು ಮಾಡಿರಬೇಕು! ಆ ಕುಲುಮೆ ಊದ್ದೋರು ಯಾರೋ” ಎಂದರು. ಸಾವಿರ ವರ್ಷದ ಹಿಂದಿನ ಕಮ್ಮಾರರನ್ನು ಅಲ್ಲಿ ನೆನೆದವರನ್ನು ನಾನು ಬೇರೆ ಯಾರನ್ನೂ ಕಂಡಿಲ್ಲ.

2023ರ ಜನವರಿಯಲ್ಲಿ, ಕಾರ್ಖಾನೆಗೆ ನೂರು ತುಂಬಿದ ತಿಂಗಳಲ್ಲೇ, ಅದನ್ನು ಮುಚ್ಚುವ ನಿರ್ಧಾರ ಪ್ರಕಟವಾಯಿತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ತಾತ ದಿನವೂ ಪೇಪರ್ ತರಿಸಿ ಆ ಸುದ್ದಿಯನ್ನು ಎರಡೆರಡು ಸಲ ಓದಿಸಿಕೊಳ್ಳುತ್ತಿದ್ದರು. ಧರಣಿ ಕೂತವರ ಮಕ್ಕಳ ಸ್ಕೂಲ್ ಫೀಜಿನ ಬಗ್ಗೆಯೇ ಅವರ ಚಿಂತೆ.

ಅವರು ತೀರಿಕೊಂಡಾಗ ತಿಥಿಗೆ ಭದ್ರಾವತಿಯಿಂದ ಹಳೇ ಸ್ನೇಹಿತರು ಮೈಸೂರು ರೈಲು ಹಿಡಿದು ಬಂದರು. ಎಲ್ಲರೂ ಎಂಬತ್ತರ ಆಚೀಚಿನವರು. ಊಟಕ್ಕೆ ಕೂತಾಗ ಅವರಲ್ಲೊಬ್ಬರು ನನ್ನನ್ನು ಕರೆದು, “ಹಾಸನದಲ್ಲಿ ಹುಟ್ಟಿದ ಹಿರೇ ಮೊಮ್ಮಗಳು ನೀನೇನವ್ವ?” ಎಂದು ಕೇಳಿದರು. ನಾನು ಹುಟ್ಟಿದ ಸುದ್ದಿ ತಲುಪಿದಾಗ ತಾತ ರಾತ್ರಿ ಪಾಳಿಯಲ್ಲಿದ್ದರಂತೆ. ಬೆಳಗಿನ ಪಾಳಿಗೆ ಬರಬೇಕಾದವರು ಬರಲಿಲ್ಲ. ಮಧ್ಯಾಹ್ನದವರೆಗೂ ಇದ್ದು ಎರಡು ಪಾಳಿ ಮುಗಿಸಿ, ಖಾಕಿ ಬಟ್ಟೆಯಲ್ಲೇ ಸ್ಟೇಷನ್ನಿಗೆ ಓಡಿದ್ದರು. ಹಾಸನದಲ್ಲಿ ಇಳಿದು, ಆಸ್ಪತ್ರೆಯ ಹಿಂದಿನ ನಲ್ಲಿಯಲ್ಲಿ ಮಸಿ ತೊಳೆದುಕೊಂಡು, ಅಪ್ಪನ ಅಂಗಿ ಹಾಕಿಕೊಂಡು ಒಳಗೆ ಹೋದರಂತೆ.

ಬಡಿಸುತ್ತಿದ್ದ ಅರಕಲಗೂಡು ಅತ್ತೆ ಸಾರಿನ ಸೌಟು ಹಿಡಿದು ನಿಂತೇಬಿಟ್ಟರು. “ನಮಗೆ ಯಾರ್ಗೂ ಹೇಳೇ ಇಲ್ವಲ್ಲ ಅಪ್ಪ, ಎರಡು ಪಾಳಿ ಮಾಡಿ ಬಂದೆ ಅಂತ!”

“ಹೇಳಕ್ಕೇನೈತವ್ವ ಅದ್ರಲ್ಲಿ?” ಎಂದರು ಆ ಹಿರಿಯರು. “ಕೆಲಸ ಇತ್ತು, ಮಾಡ್ದ. ಮಗು ಇತ್ತು, ನೋಡಕ್ಕೆ ಬಂದ. ಇನ್ನರ್ಧ ಮುದ್ದೆ ಹಾಕು, ಮೂರು ಗಂಟೆ ರೈಲಿಗೆ ಹೋಗ್ಬೇಕು ನಾವು.”